ಮನೆಯೊಳಗಿನ ಗರಡಿ

ಗೃಹಸ್ಥನ ಮನೆ ಸೇರುವ ಸಾಮಾನುಗಳಲ್ಲಿ ವ್ಯಾಯಾಮದ ಯಂತ್ರದಷ್ಟು ಬೇಗ ತನ್ನ ಕುಲಕಸುಬನ್ನು ಬಿಡುವ ವಸ್ತು ಮತ್ತೊಂದಿಲ್ಲ. ತುಮಕೂರಿನ ನಮ್ಮ ನೆಂಟರೊಬ್ಬರ ಮನೆಯಲ್ಲಿ ಟ್ರೆಡ್‌ಮಿಲ್ ಎಂಬ ಯಂತ್ರವಿದೆ. ಬಂದ ತಿಂಗಳು ಅದರ ಮೇಲೆ ಮನೆಯ ಯಜಮಾನರು ನಡೆದರು. ಎರಡನೆಯ ತಿಂಗಳು ಅವರ ಟವೆಲು ಅದರ ಹಿಡಿಕೆಯ ಮೇಲೆ ವಿಶ್ರಮಿಸಿತು. ಈಗ ಮನೆಮಂದಿಯ ಬಟ್ಟೆಯೆಲ್ಲ ಅಲ್ಲೇ ಒಣಗುತ್ತದೆ. ಮಳೆಗಾಲದಲ್ಲಿ ಅದು ಮಾಡುವ ಉಪಕಾರ ಸಣ್ಣದೇನಲ್ಲ.

ನಲವತ್ತು ದಾಟಿದ ಮೇಲೆ ಮೈ ಬಳುಕಿಸಲು ಹೊರಟವನಿಗೆ ಮೊದಲು ಹೊಳೆಯುವ ಪ್ರಶ್ನೆ ‘ಏನನ್ನು ಕೊಳ್ಳಲಿ?’ ಎಂಬುದೇ, ‘ಏನು ಮಾಡಲಿ?’ ಎಂಬುದು ಆಮೇಲಿನ ಮಾತು. ಕೊಳ್ಳುವುದಾದರೂ ಈಗ ಎಷ್ಟು ಸುಲಭ! ಫೋನಿನ ಮೇಲೆ ಬೆರಳಾಡಿಸಿದರೆ ಸಾಕು, ಕೊರಟಗೆರೆಯ ಬಾಗಿಲಿಗೂ ಡಂಬೆಲ್ಸು ಬಂದು ಇಳಿಯುತ್ತದೆ. ತಂದುಕೊಟ್ಟ ಹುಡುಗ ಏದುಸಿರು ಬಿಡುವುದನ್ನು ನೋಡಿದರೆ ಅರ್ಧ ವ್ಯಾಯಾಮವನ್ನು ಅವನೇ ಮಾಡಿ ಮುಗಿಸಿದನೇನೋ ಎನ್ನಿಸುತ್ತದೆ.

ಮನೆಯಲ್ಲೇ ಅಂಗಸಾಧನೆ ಎಂಬುದು ಹೊಸ ಕಾಲದ ಕಲ್ಪನೆಯೇನೂ ಅಲ್ಲ. ತರಗತಿಯಲ್ಲಿ ‘ಶಾಂತಲಾ’ ಕಾದಂಬರಿಯ ಮಾತು ಬಂದಾಗಲೆಲ್ಲ ನಾನು ಹುಡುಗರನ್ನು ಕೇಳುವುದುಂಟು: ಇದನ್ನು ಬರೆದವರ ವೃತ್ತಿ ಯಾವುದು? ಮೇಷ್ಟರು, ವಕೀಲರು ಎಂದೆಲ್ಲ ಉತ್ತರ ಬರುತ್ತದೆ. ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದ ದೇಹದಾರ್ಢ್ಯಪಟು ಎಂದರೆ ಹುಡುಗರು ನಂಬುವುದಿಲ್ಲ. ಹೊಯ್ಸಳರ ರಾಣಿಯನ್ನು ಅಷ್ಟು ನವುರಾಗಿ ಬಣ್ಣಿಸಿದ ಕೈ ಕಬ್ಬಿಣದ ಗುಂಡು ಎತ್ತುತ್ತಿತ್ತೆ? ಎತ್ತುತ್ತಿತ್ತು. ಅಷ್ಟೇ ಅಲ್ಲ, 1930ರ ದಶಕದಲ್ಲಿ ಸೂರ್ಯನಮಸ್ಕಾರದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆಯಿತು. ದೂರದ ಊರಿನವರಿಗೆ ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸಿತು. ಫೋನಿನಲ್ಲಿ ವ್ಯಾಯಾಮ ಕಲಿಯುವ ಇಂದಿನವರ ಪೂರ್ವಜರು ಅಂಚೆಯವನ ದಾರಿ ಕಾಯುತ್ತಿದ್ದ ಆ ಶಿಷ್ಯರು.

ನನ್ನನ್ನು ಈ ದಾರಿಗೆ ಹಚ್ಚಿದ್ದು ಮಾತ್ರ ಪುಸ್ತಕವೂ ಅಲ್ಲ, ಫೋನೂ ಅಲ್ಲ. ಒಂದು ದಿನ ನಮ್ಮ ತಾಯಿಯವರು ಬಚ್ಚಲುಮನೆಯಲ್ಲಿ ಸ್ನಾನದ ಮಣೆಯಿಂದ ಕೆಳಕ್ಕೆ ಕುಳಿತುಬಿಟ್ಟರು. ಬಿದ್ದದ್ದಲ್ಲ, ಪೆಟ್ಟಾಗಿರಲಿಲ್ಲ, ಏಳಲು ಕಾಲಿನಲ್ಲಿ ಶಕ್ತಿಯಿರಲಿಲ್ಲ. ನಾನು ಕಂಕುಳಿಗೆ ಕೈಕೊಟ್ಟು ಎತ್ತಿದೆ. ಮೇಲೆ ಬಂದದ್ದು ನನ್ನ ಉಸಿರು ಮಾತ್ರ. ಕೊನೆಗೆ ಎದುರುಮನೆಯ ಹುಡುಗ, ಅಡಕೆ ಮೂಟೆ ಹೊತ್ತು ಪಳಗಿದವನು, ಬಂದು ಮಗುವನ್ನು ಎತ್ತುವ ಹಾಗೆ ಎತ್ತಿ ನಿಲ್ಲಿಸಿದ. ತಾಯಿಯವರು ಸೀರೆ ಸರಿಮಾಡಿಕೊಂಡು ನನ್ನ ಕಡೆ ನೋಡಿದರು. “ಯಾಕೋ, ನೀನು ಅನ್ನ ಉಣ್ಣಲ್ವೇನೋ?” ಎಂದರು. ಹಳಗನ್ನಡ ಕಾವ್ಯಗಳಲ್ಲಿ ಬರುವ ಭುಜಬಲವನ್ನು ಇಪ್ಪತ್ತು ವರ್ಷದಿಂದ ಬಿಡಿಸಿ ಹೇಳುತ್ತ ಬಂದವನಿಗೆ ಆಗ ಬಾಯಿ ಬರಲಿಲ್ಲ.

ಆ ಸಂಜೆ ಕೂತು ಯೋಚಿಸಿದಾಗ ಒಂದು ಸಂಗತಿ ಕಂಡಿತು. ನಮ್ಮ ದಂಡ, ಬಸ್ಕಿ, ಸೂರ್ಯನಮಸ್ಕಾರ ಇವೆಲ್ಲ ಬಹುಮಟ್ಟಿಗೆ ತಳ್ಳುವ ಮತ್ತು ಕೂತು ಏಳುವ ಸಾಧನೆಗಳು. ಎಳೆಯುವ ಕೆಲಸ ಇವುಗಳಲ್ಲಿ ಕಡಿಮೆ. ಗರಡಿಯಲ್ಲಿ ಆ ಕೊರತೆಯನ್ನು ಕುಸ್ತಿಯೂ ಮಲ್ಲಕಂಬವೂ ತುಂಬುತ್ತಿದ್ದವು. ಮನೆಯಲ್ಲಿ ತುಂಬುತ್ತಿದ್ದುದು ಬಾವಿಯ ಹಗ್ಗ. ದಿನಕ್ಕೆ ಇಪ್ಪತ್ತು ಮೂವತ್ತು ಕೊಡ ನೀರು ಸೇದಿದ ಹೆಂಗಸಿನ ಬೆನ್ನಿಗೆ ಬೇರೆ ವ್ಯಾಯಾಮ ಯಾತಕ್ಕೆ? ನಲ್ಲಿ ಬಂತು, ರಾಟೆ ತುಕ್ಕು ಹಿಡಿಯಿತು. ಮಿಕ್ಸಿ ಬಂತು, ಒರಳು ಹಿತ್ತಲು ಸೇರಿತು. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ನೀರು ಸೇದಿದವರು ಅದನ್ನು ಆರಿಸಿಕೊಂಡವರಲ್ಲ. ಎಷ್ಟೋ ಮಂದಿಯ ಸೊಂಟವನ್ನು ಆ ದುಡಿಮೆಯೇ ಮುರಿಯಿತು. ಆದರೆ ಕೆಲಸ ಹೋದ ಜಾಗ ಬರಿದಾಗಿ ಉಳಿದಿದೆಯಲ್ಲ, ಅದನ್ನು ನೋಡಬೇಕು. ಮನೆ ಯಾವುದನ್ನು ಕೊಡಲಾರದೋ ಅದೊಂದನ್ನು ಅಂಗಡಿಯಿಂದ ತಂದರೆ ಸಾಕು.

ಮನೆ ಕೊಡುವುದು ಬಹಳವಿದೆ. ಕುರ್ಚಿಯಿದೆ: ಕೈ ಊರದೆ ಅದರಿಂದ ಎದ್ದು, ಮೆಲ್ಲಗೆ ಮತ್ತೆ ಕೂಡುವುದೇ ಹೊಸಬನ ಬಸ್ಕಿ. ಗೋಡೆಯಿದೆ: ಅದಕ್ಕೆ ಅಂಗೈ ಊರಿ ಎದೆಯನ್ನು ಹತ್ತಿರ ತಂದು ತಳ್ಳುವುದೇ ಅವನ ದಂಡ. ಅದು ಸಲೀಸಾದರೆ ಅಲುಗಾಡದ ಮೇಜಿನ ಅಂಚಿಗೆ ಇಳಿಯಬೇಕು, ನೆಲಕ್ಕೆ ಆಮೇಲೆ. ಮೊದಲ ದಿನವೇ ನೆಲದ ಮೇಲೆ ಐವತ್ತು ದಂಡ ಹೊಡೆಯಲು ಹೋದವರು ನಾಲ್ಕು ದಿನ ಬನಿಯನ್ ತೊಡಲೂ ಕೈ ಎತ್ತಲಾರರು. ತೂಕ ಎತ್ತಲು ನೀರಿನ ಕ್ಯಾನಿದೆ. ಒಂದು ಲೀಟರಿಗೆ ಒಂದು ಕಿಲೋ, ಲೆಕ್ಕ ತಪ್ಪುವಂತಿಲ್ಲ. ನಾನು ಕಾಲೇಜಿನ ಚೀಲದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತುಂಬಿ ಎತ್ತುತ್ತೇನೆ. ಎಂಟು ಸಂಪುಟಗಳು; ಎರಡು ವಾರಕ್ಕೊಂದು ಸಂಪುಟ ಸೇರಿಸುತ್ತ ಹೋದೆ. ಆ ಮಹಾಗ್ರಂಥಕ್ಕೆ ಇಂಥ ಉಪಯೋಗವೆ ಎಂದು ಸಹೋದ್ಯೋಗಿಗಳು ಹುಬ್ಬೇರಿಸಿದರು. ಕಪಾಟಿನಿಂದ ವಾರಕ್ಕೆ ಮೂರು ಸಲ ಅದನ್ನು ಇಳಿಸುವವರು ನಮ್ಮ ವಿಭಾಗದಲ್ಲಿ ಬೇರೆ ಯಾರಿದ್ದಾರೆ?

ಅಂಗಡಿಯಿಂದ ತಂದದ್ದು ಒಂದು ರಬ್ಬರ್ ಪಟ್ಟಿ ಮಾತ್ರ. ಕಿಟಕಿಯ ಗಟ್ಟಿ ಸರಳಿಗೆ ಸಿಕ್ಕಿಸಿ, ಮೊಣಕೈಯನ್ನು ಪಕ್ಕೆಯ ಹಿಂದಕ್ಕೆ ಒಯ್ಯುತ್ತ ಎಳೆದರೆ ಬಾವಿಯ ಹಗ್ಗದ ಕೆಲಸ ಆಗುತ್ತದೆ. ಪಟ್ಟಿಯಲ್ಲಿ ಬಿರುಕು ಕಂಡರೆ ಎಸೆಯಬೇಕು. ಹರಿದರೆ ಅದು ಸೀದಾ ಕಣ್ಣನ್ನೇ ಹುಡುಕಿಕೊಂಡು ಬರುತ್ತದೆ. ಡಂಬೆಲ್ಸು ಬೇಕೇಬೇಕೆನ್ನುವವರು ತೂಕ ಹೆಚ್ಚುಕಡಿಮೆ ಮಾಡಬಹುದಾದ ಜೋಡಿಯನ್ನೇ ಕೊಳ್ಳಲಿ. ಹತ್ತು ಹನ್ನೆರಡು ಸಲ ಎತ್ತಿದಾಗ ಕೊನೆಯ ಎರಡು ತುಸು ಕಷ್ಟವೆನಿಸಿದರೆ ಅದೇ ಸರಿಯಾದ ತೂಕ; ಹದಿನೈದು ಸಲೀಸಾಗಿ ಬಂದರೆ ಹೆಚ್ಚಿಸುವ ಹೊತ್ತು. ಎತ್ತುವಾಗ ಉಸಿರು ಕಟ್ಟಬಾರದು, ಅದರಲ್ಲೂ ರಕ್ತದೊತ್ತಡ ಇರುವವರು. ಮಾಂಸಖಂಡ ಎರಡು ದಿನ ನೋಯುವುದು ಸಹಜ. ಕೀಲು ಚುಚ್ಚಿದರೆ ನಿಲ್ಲಿಸಬೇಕು. ಎದೆ ಹಿಡಿದಂತಾದರೆ ವೈದ್ಯರ ಬಳಿಗೆ ಓಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ನಡೆಯಬೇಕು ಅಥವಾ ಅದಕ್ಕೆ ಸಮನಾದ ಶ್ರಮ ಮಾಡಬೇಕು; ಕನಿಷ್ಠ 2 ದಿನ ಮಾಂಸಖಂಡಗಳಿಗೆ ಕೆಲಸ ಕೊಡಬೇಕು. ಎರಡನೆಯದನ್ನು ಮನೆಯಲ್ಲಿ ಮಾಡೋಣ. ಮೊದಲನೆಯದಕ್ಕೆ, ಸಿದ್ಧರಬೆಟ್ಟ, ಚನ್ನರಾಯನದುರ್ಗಗಳಿರುವ ತಾಲ್ಲೂಕಿನಲ್ಲಿ ನಡೆಯುವ ಯಂತ್ರ ಕೊಳ್ಳುವುದೆಂದರೆ ಕಲ್ಪತರು ನಾಡಿನವನು ತೆಂಗಿನಕಾಯಿಗೆ ಬೆಂಗಳೂರಿಗೆ ಹೋದಂತೆ ಎಂದು ಮನೆಯಲ್ಲಿ ಒಂದು ದಿನ ಭಾಷಣ ಮಾಡಿದೆ. ನನ್ನ ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

“ಬೆಟ್ಟ ನಿಮಗಿದೆ ಕಣ್ರೀ. ಐದು ಗಂಟೆಗೆ ನಾನೊಬ್ಬಳೇ ರಸ್ತೆಗಿಳಿದರೆ ನಾಯಿಗಳು ಬೆನ್ನು ಹತ್ತುತ್ತವೆ. ಏಳು ಗಂಟೆಗೆ ಇಳಿದರೆ ನಿಮ್ಮ ತಿಂಡಿ ಯಾರು ಮಾಡ್ತಾರೆ?”

ಮಾತು ನಿಜ. ಹೊರಗೆ ಕಾಲಿಡಲು ಹೊತ್ತೂ ನೆಮ್ಮದಿಯೂ ಇಲ್ಲದವರಿಗೆ ಮನೆಯೊಳಗಿನ ವ್ಯಾಯಾಮ ಶೋಕಿಯಲ್ಲ; ಇರುವುದು ಅದೊಂದೇ. ತಿಂಡಿಯ ಕೆಲಸವನ್ನು ವಾರಕ್ಕೆ ಮೂರು ದಿನ ನಾನು ವಹಿಸಿಕೊಂಡಿದ್ದೇನೆ. ಆ ಹೊತ್ತಿಗೆ ಅವಳು ಪಕ್ಕದ ಮನೆಯಾಕೆಯ ಜೊತೆ ಹೊರಟು, ಹಿಂದಿರುಗಿದ ಮೇಲೆ ಕಿಟಕಿಯ ಮುಂದೆ ನಿಂತು ಪಟ್ಟಿ ಎಳೆಯುತ್ತಾಳೆ. ಉಪ್ಪಿಟ್ಟಿನ ಗುಣದ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ.

ತಾಯಿಯವರಿಗೆ ಪಟ್ಟಿಯೂ ಬೇಡ, ನಿಘಂಟೂ ಬೇಡ. ಗೋಡೆಗೆ ಒರಗಿಸಿಟ್ಟ ಮರದ ಕುರ್ಚಿಯಿಂದ, ಪಕ್ಕದ ಮೇಜನ್ನು ಹಿಡಿದು, ದಿನಕ್ಕೆ ಎರಡು ಹೊತ್ತು ಏಳುತ್ತ ಕೂಡುತ್ತ ಬಂದಿದ್ದಾರೆ. ಮೂರು ಸಲದಿಂದ ಶುರುವಾದದ್ದು ಈಗ ಎಂಟಕ್ಕೆ ಬಂದಿದೆ. ಎಣಿಸುವವನು ನಾನು. ಒಂಬತ್ತು ಎಂದು ಬಾಯಿಬಿಟ್ಟರೆ, “ನಿನಗೆ ಲೆಕ್ಕ ಯಾವ ಕಾಲಕ್ಕೆ ಬಂದಿತ್ತು?” ಎಂದು ಕುರ್ಚಿಯಲ್ಲಿ ಕೂತುಬಿಡುತ್ತಾರೆ.