ಮುಕ್ಕಾಲು ಟಿಕೆಟ್ಟಿನ ಯಜಮಾನರು

ನಮ್ಮ ಮನೆಯವರು ಹೈಸ್ಕೂಲಿನ ಕನ್ನಡ ಮಾಸ್ತರಿಕೆಯಿಂದ ನಿವೃತ್ತರಾದದ್ದು 2023ರ ಮೇ 31ಕ್ಕೆ. ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತುಕೊಂಡು ಬಾಗಲಕೋಟೆ ನವನಗರದ ಮನೆಗೆ ಬಂದರು. ಪಿಂಚಣಿ ಕಾಗದಪತ್ರದ ಕಥೆ ಹೇಳುತ್ತ ಕೂತರೆ ನಿಮಗೂ ಬೇಸರ, ನನಗೂ ಬೇಸರ. ಅದು ಬಿಡಿ.

ವಾರದೊಳಗೆ ಅವರ ಕಣ್ಣು ನನ್ನ ಅಡಿಗೆಮನೆಯ ಮೇಲೆ ಬಿತ್ತು. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ದುಂಡಗಿನ ಮಾಸ್ತರ ಅಕ್ಷರ: ತೊಗರಿಬೇಳೆ, ಗುರೆಳ್ಳು, ಅಗಸಿ. ನಾನು ಅಗಸಿ ಡಬ್ಬಿಗೆ ಸಾಸಿವೆ ಸುರಿದರೆ ಮರುದಿನ ಅಲ್ಲಿ ಕೆಂಪು ಶಾಯಿಯ ತಿದ್ದುಪಡಿ. ಒಂದು ದಿನ ನಾನು ರೊಟ್ಟಿ ಬಡಿಯುವಾಗ ಬಾಗಿಲಲ್ಲಿ ನಿಂತು, "ಇದು ಚೂರು ದಪ್ಪ ಆತಲ್ಲ?" ಅಂದರು. ಕೊಣಮಿಗೆ ಮುಂದಿಟ್ಟು, "ಬರ್ರಿ, ಮುಂದಿಂದು ನೀವ ಬಡೀರಿ" ಅಂದೆ. ಪಡಸಾಲೆಗೆ ಹೋಗಿ ಪೇಪರು ಹಿಡಿದರು. ಅದೇ ಪೇಪರು ಅವತ್ತು ಅವರು ಓದುತ್ತಿದ್ದದ್ದು ಮೂರನೆಯ ಸಲ.

ಅಷ್ಟರಲ್ಲಿ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ. ಇಷ್ಟು ವರ್ಷ ತವರಿಗೆ ಹೋಗುವುದಿದ್ದರೂ ನಾನು ಇವರ ಅಂಗಿ ಕಿಸೆ ನೋಡಿಯೇ ಹೊರಟವಳು. ಇವರು ಹೂಂ ಅಂದರೆ ಪ್ರಯಾಣ, ಉಹುಂ ಅಂದರೆ ಮುಂದಿನ ಹಬ್ಬಕ್ಕೆ. ಈಗ ನಾನೇ ಸೀರೆಯುಟ್ಟು, ಆಧಾರ್ ಕಾರ್ಡು ಚೀಲಕ್ಕೆ ಹಾಕಿ, "ರೀ, ಬದಾಮಿಗೆ ಹೊಂಟೀನಿ. ಬರ್ತೀರೋ ಇಲ್ಲೋ?" ಅಂದೆ. ಚಪ್ಪಲಿ ಹುಡುಕತೊಡಗಿದರು.

ಬಸ್ಸಿನಲ್ಲಿ ಕಂಡಕ್ಟರ್ ನನಗೆ ಶೂನ್ಯ ಟಿಕೆಟ್ ಹರಿದುಕೊಟ್ಟು, "ಯಜಮಾನ್ರ, ನಿಮ್ದು?" ಅಂದ. ಅರವತ್ತು ತುಂಬಿದವರಿಗೆ ನೂರಕ್ಕೆ ಇಪ್ಪತ್ತೈದು ರಿಯಾಯಿತಿ ಅಂತ ಗೊತ್ತಾದದ್ದು ಆವತ್ತೇ. ಇವರು ತಮ್ಮ ಆಧಾರ್ ತೋರಿಸಿ ಮುಕ್ಕಾಲು ದುಡ್ಡು ಕೊಟ್ಟರು. "ಅಂದ್ರ ನಾ ಮುಕ್ಕಾಲು ಮನಿಷ್ಯಾ ಆದೆ" ಅಂತ ಗೊಣಗಿದರು. ಆ ಹೆಸರು ಮನೆಯಲ್ಲಿ ಉಳಿದುಬಿಟ್ಟಿತು.

ಬದಾಮಿಯಲ್ಲಿ ನನಗೆ ಒಂದು ಸಂಗತಿ ತಿಳಿಯಿತು. ಕಪ್ಪೆ ಅರಭಟ್ಟನ ಶಾಸನವನ್ನು, ಕನ್ನಡದ ಹಳೆಯ ತ್ರಿಪದಿ ಇರುವುದು ಇದರಲ್ಲೇ ಅಂತ, ಇವರು ವರ್ಷಾವರ್ಷ ಪಾಠ ಮಾಡಿದವರು. ಆದರೆ ಆ ಬಂಡೆಯನ್ನು ಒಮ್ಮೆಯೂ ಕಂಡವರಲ್ಲ! ಶಾಲೆಯ ಪ್ರವಾಸದಲ್ಲಿ ಗುಹೆಗಳನ್ನು ನೋಡಿದ್ದರು, ಮೂರನೆಯ ಗುಹೆ ಮಂಗಳೇಶ 578ರಲ್ಲಿ ಮಾಡಿಸಿದ್ದು ಅಂತ ಮಕ್ಕಳಿಗೆ ಬರೆಸಿದ್ದರು. ಅಷ್ಟರಲ್ಲಿ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಈ ಸಲ ಹಾರ್ನ್ ಇರಲಿಲ್ಲ. ಅಗಸ್ತ್ಯ ತೀರ್ಥದ ದಂಡೆ ಹಿಡಿದು, ಕೇಳುತ್ತ ಕೇಳುತ್ತ ಹೋದೆವು. ಮೆಟ್ಟಿಲ ಮೇಲೆ ಹೆಂಗಸರು ಅರಿವೆ ಒಗೆಯುತ್ತಿದ್ದರು. ಒಂದು ಪೆಟ್ಟು ಕಲ್ಲಿಗೆ ಬಿದ್ದರೆ ಅದರ ಸಪ್ಪಳ ಗುಡ್ಡಕ್ಕೆ ತಾಗಿ ಮತ್ತೆ ಬರುತ್ತಿತ್ತು. ಬಂಡೆಯ ಮುಂದೆ ನಿಂತು ಇವರು ಇಡೀ ಶಾಸನವನ್ನು ಕ್ಲಾಸಿನ ದನಿಯಲ್ಲಿ ಹೇಳಿದರು. ಅಕ್ಷರ ನೋಡಿ ಓದಿದ್ದಲ್ಲ, ಬಾಯಿಪಾಠ. ಆಮೇಲೆ ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಗುರುತು ಹಿಡಿಯಲು ಕೂತರು. ಹಿಂದಿನಿಂದ ಒಂದು ಮಂಗ್ಯಾ ಬಂದು ನಮ್ಮ ಬಾಳೆಹಣ್ಣಿನ ಚೀಲ ಒಯ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮಂಗ್ಯಾ ಒಯ್ದರೆ ಒಯ್ಯಲಿ ಅಂತ ನಾನೂ ಸುಮ್ಮನಿದ್ದೆ. ಹಳೆಗನ್ನಡ ಲಿಪಿಯ ಹುಚ್ಚು ಅವರಿಗೆ ಹತ್ತಿದ್ದು ಅಲ್ಲಿಂದಲೇ. ನನ್ನ ಡಬ್ಬಿಗಳು ಬಚಾವಾದವು.

ಶ್ರಾವಣದಲ್ಲಿ ಹುನಗುಂದದ ಬಸ್ಸು ಹತ್ತಿ ಕೂಡಲಸಂಗಮಕ್ಕೆ ಹೋದೆವು. ಬಸವಣ್ಣನವರ ಐಕ್ಯ ಮಂಟಪ ನಾರಾಯಣಪುರದ ಹಿನ್ನೀರಿನಲ್ಲಿ ಮುಳುಗಬಾರದೆಂದು ಸುತ್ತ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಹೊರಗೆ ನೀರು, ಒಳಗೆ ಮೆಟ್ಟಿಲಿಳಿದು ಹೋದರೆ ಒಣ ನೆಲ. ಎಲ್ಲರೂ ಕೈಮುಗಿದು ಹತ್ತಿ ಹೋದರು. ನಾನು ಕೆಳಗೇ ನಿಂತೆ. ನನ್ನ ತವರುಮನೆ ಹಳೆ ಬಾಗಲಕೋಟೆಯಲ್ಲಿತ್ತು, ಆಲಮಟ್ಟಿಯ ನೀರಿಗೆ ಹೋಯಿತು. ಅಣೆಕಟ್ಟು ಬೇರೆ, ಕೃಷ್ಣೆ ಒಬ್ಬಳೇ. ಅವ್ವ ಹೊಸ್ತಿಲಿಗೆ ಹಚ್ಚಿದ ಅರಿಶಿನ ಬಿಟ್ಟು ಬಂದವರು ನಾವು. ನಮ್ಮ ಹೊಸ್ತಿಲಿಗೆ ಯಾರು ಗೋಡೆ ಕಟ್ಟಬೇಕು? ಇವರು ಮೇಲಿನಿಂದ ಕರೆಯಲಿಲ್ಲ, ಇಳಿದು ಬಂದು ಪಕ್ಕಕ್ಕೆ ನಿಂತರು. ಮಾಸ್ತರರಿಗೆ ಸುಮ್ಮನೆ ನಿಲ್ಲುವುದು ಕಷ್ಟದ ಕೆಲಸ, ಅವತ್ತು ನಿಂತರು.

ಇಳಕಲ್ಲಿಗೆ ಹೋದದ್ದು ದೀಪಾವಳಿಯ ಮುಂದೆ. ದಾರಿಯಲ್ಲಿ ಅಮೀನಗಡದ ಕರದಂಟು ಕೊಂಡದ್ದಾಯಿತು. ಇಳಕಲ್ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದುಡ್ಡು ಬೇಡ, ನಿಮ್ಮ ಚಟ ಹಾಕಿರಿ ಅಂತ ಕೇಳಿದವರು. ಮಠದ ಮುಂದೆ ನಡೆಯುವಾಗ ನಮ್ಮ ಯಜಮಾನರ ಕೈ ತಂಬಾಕಿನ ಚೀಟಿ ಇದ್ದ ಕಿಸೆಯನ್ನು ಗಟ್ಟಿ ಮುಚ್ಚಿಕೊಂಡಿತ್ತು. ನಾನು ನೋಡಿದೆ, ಏನೂ ಅನ್ನಲಿಲ್ಲ. ಅದರ ಕಥೆ ಇನ್ನೂ ಮುಗಿದಿಲ್ಲ.

ಪರಿಚಯದವರೊಬ್ಬರು ನೇಕಾರರ ಮನೆಗೆ ಕರೆದೊಯ್ದರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಮುದುಕ ನೇಯುತ್ತಿದ್ದ, ಸೊಸೆ ಕೊಂಡಿ ಹಾಕುತ್ತಿದ್ದಳು. ಮೈಗೆ ಒಂದು ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಇನ್ನೊಂದು ಹಾಸು. ಎರಡರ ಎಳೆ ಎಳೆಯನ್ನೂ ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಮಾಡಬೇಕು. ಆಕೆಯ ಹೆಬ್ಬೆರಳು, ತೋರುಬೆರಳು ಮಾತ್ರ ಅಲುಗುತ್ತಿದ್ದವು. ಕಣ್ಣು ಅತ್ತ ಅಂಗಳದಲ್ಲಿ ಆಡುವ ಕೂಸಿನ ಮೇಲಿತ್ತು. ಇವರು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಮುದುಕ ಲಾಳಿ ನಿಲ್ಲಿಸಿ, "ಸರ, ನೀವು ಸಾಲಿ ಬಿಟ್ಟೀರಿ, ಸಾಲಿ ನಿಮ್ಮನ್ನ ಬಿಟ್ಟಿಲ್ಲ" ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ.

ಆ ಸೀರೆ ನನಗೆ ಬಂತು. ಅದರ ಕೆಂಪು ಸೆರಗು ನೋಡಿಯೇ ಕಸೂತಿ ಮತ್ತೆ ಹಿಡಿಯುವ ಆಸೆ ಹುಟ್ಟಿತು. ಗವಂತಿ, ಮುರಗಿ, ನೇಗಿ, ಮೆಂತಿ ನಾಲ್ಕೂ ಹೊಲಿಗೆ ಅವ್ವನಿಂದ ಕಲಿತಿದ್ದೆ. ಕಸೂತಿಗೆ ಗೆರೆ ಹಾಕಿಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ನನ್ನ ಕಣ್ಣಿಗೆ ಈಗ ಎಳೆ ಕಾಣವು. ಶಾಸನ ಓದಲು ತಂದ ಭೂತಗನ್ನಡಿ ಹಿಡಿದು ಇವರು ಎಣಿಸುತ್ತಾರೆ, "ಒಂದ, ಎರಡ, ಮೂರ, ನಾಕ... ಇಲ್ಲಿ ಚುಚ್ಚ". ಗೋಪುರದ ಬುಡದಲ್ಲಿ ಒಂದು ಎಳೆ ತಪ್ಪಿದರೆ ಇಬ್ಬರದೂ ಜಗಳ.

ಇನ್ನು ಬನಶಂಕರಿ ಜಾತ್ರೆಯ ರಾತ್ರಿ. 2024ರ ಬನದ ಹುಣ್ಣಿಮೆ ಬಂದದ್ದು ಜನವರಿ 25ಕ್ಕೆ. ತೇರು ನೋಡಿ ಸಂಜೆ ತಿರುಗಿ ಬರುವುದು ಅಂತ ಲೆಕ್ಕ. ನಾಟಕ ಕಂಪನಿಗಳ ದೀಪ ಕಂಡದ್ದೇ ಇವರ ಕಾಲು ನಿಂತವು. ಆ ಜಾತ್ರೆಯಲ್ಲಿ ಕಂಪನಿಗಳು ಸಾಲಾಗಿ ಡೇರೆ ಹೊಡೆದಿರುತ್ತವೆ, ತೇರು ಎಳೆದು ವಾರಗಟ್ಟಲೆ ಆದರೂ ಆಟ ನಡೆಯುತ್ತದೆ. ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಕಟಕ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ತಿಂದು ರಾತ್ರಿಯ ಆಟಕ್ಕೆ ಕೂತೆವು. ಹಾಸ್ಯದವನ ಒಂದೊಂದು ಮಾತಿಗೂ ನಮ್ಮ ವ್ಯಾಕರಣದ ಮಾಸ್ತರರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಟ ಬಿಟ್ಟಾಗ ಬಸ್ಸಿಲ್ಲ. ಚಳಿ ಹಲ್ಲು ಕಡಿಸುತ್ತಿತ್ತು. ಚಕ್ಕಡಿ ಕಟ್ಟಿಕೊಂಡು ಬಂದ ಒಂದು ಕುಟುಂಬ ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿತ್ತು. "ಬರ್ರೀ ಯಕ್ಕಾ, ಕುಂದರ್ರಿ" ಅಂತ ಜಾಗ ಬಿಟ್ಟರು. ಕಡಲೆ ಗಿಡವನ್ನೇ ಬೆಂಕಿಗೆ ಹಿಡಿದು, ಸುಟ್ಟ ಕಾಯಿ ಬಿಡಿಸಿ ನಮ್ಮ ಉಡಿಗೆ ಹಾಕಿದರು. ಮನೆಗೆ ಕೂರಿಸಲು ಬಾಗಿಲ ಚೌಕಟ್ಟು ಕೊಳ್ಳಲು ಬಂದವರಂತೆ. ಅದೂ ಪಕ್ಕದಲ್ಲೇ ಮಲಗಿತ್ತು.

ಅವರಲ್ಲಿನ ಅಜ್ಜಿ ಅಂದಳು, "ಈ ವಯಸ್ಸಿನಾಗ ನಿನ್ನ ಇಷ್ಟದೂರ ಕರಕೊಂಡ ಬಂದಾರಲ್ಲ, ಚಲೋ ಗಂಡ ಬಿಡು."

ನಾನು ಬಾಯಿ ತೆರೆಯುವ ಮೊದಲೇ ಇವರು, "ಯಜ್ಜೀ, ಇಕೀನ ನನ್ನ ಕರಕೊಂಡ ಬಂದಾಳ. ನಾ ಮುಕ್ಕಾಲ್ ಟಿಕೀಟು" ಅಂದರು.

ಅಜ್ಜಿಗೆ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಮೂಡಲು ಕೆಂಪಾಯಿತು. ಮೊದಲ ಬಸ್ಸಿಗೆ ಜಾತ್ರೆಯ ಜನವೆಲ್ಲ ನುಗ್ಗಿತು. ನಾನು ಮುಂದಿನ ಬಾಗಿಲಿನಿಂದ ಹತ್ತಿ ಹೆಂಗಸರ ನಡುವೆ ಸಿಕ್ಕಿಕೊಂಡೆ, ಇವರು ಹಿಂದೆ ಎಲ್ಲೋ ನೇತಾಡಿದರು. ಚಳಿಗೆಂದು ರಾತ್ರಿ ನನಗೆ ಹೊದಿಸಿದ ಅವರ ಕೋಟು ನನ್ನ ಮೈಮೇಲೇ ಇತ್ತು, ಅದರ ಕಿಸೆಯಲ್ಲಿ ಅವರ ಆಧಾರ್ ಕಾರ್ಡು. ಹಿಂದಿನಿಂದ ಕಂಡಕ್ಟರನ ದನಿ ಕೇಳಿಸಿತು, "ಕಾರ್ಡ್ ಇಲ್ಲಂದ್ರ ಪೂರಾ ರೊಕ್ಕ ಕೊಡ್ರಿ ಯಜಮಾನ್ರ."

"ಕೊಡ್ತೀನಪಾ," ಅಂದರು ಇವರು, ಇಡೀ ಬಸ್ಸಿಗೆ ಕೇಳುವ ಹಾಗೆ. "ಇವತ್ತೊಂದಿನ ಪೂರಾ ಮನಿಷ್ಯಾ ಆಗೇ ಬಿಡ್ತೀನಿ."