ಗೆರೆ ದಾಟಿದ ಚೆಂಡು

ನಮ್ಮ ಮನೆಯಲ್ಲಿ ಒಂದು ನಿಯಮ ಇತ್ತು. ಬರೆದಿಟ್ಟದ್ದಲ್ಲ, ಬಾಯಿಬಿಟ್ಟು ಹೇಳಿದ್ದೂ ಅಲ್ಲ, ಆದರೂ ಇಬ್ಬರೂ ಪಾಲಿಸುತ್ತಿದ್ದೆವು: 2023ರ ಮಾರ್ಚ್ 3ರ ಬಗ್ಗೆ ಮಾತಾಡಬಾರದು. ಕರೆಂಟ್ ಬಿಲ್ ವಿಷಯಕ್ಕೆ ಜಗಳ ಆಡಬಹುದು, ಪಾತ್ರೆ ತೊಳೆಯೋ ಸರದಿ ಯಾರದು ಅಂತ ಆಡಬಹುದು, ಪುಟ್ಟು ಮೇಲೋ ಇಡ್ಲಿ ಮೇಲೋ ಅಂತ ರಾತ್ರಿ ಒಂದು ಗಂಟೆವರೆಗೂ ವಾದ ಮಾಡಬಹುದು. ಆ ಒಂದು ದಿನ ಮಾತ್ರ ಬೇಡ.

ನನ್ನ ರೂಮ್‌ಮೇಟ್ ಕೋಯಿಕ್ಕೋಡಿನವನು. ಕೇರಳ ಬ್ಲಾಸ್ಟರ್ಸ್ ಅಂದ್ರೆ ಪ್ರಾಣ. ನಾನು ಕಂಠೀರವ ಸ್ಟೇಡಿಯಮ್ಮಿನ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಬೆಂಗಳೂರು ಎಫ್‌ಸಿಗಾಗಿ ಗಂಟಲು ಹರಿದುಕೊಳ್ಳುವ ಜಾತಿ. ನಾನು ಅವನನ್ನು ಚೇಟಾ ಅಂತೀನಿ, ಅವನು ನನ್ನನ್ನು ಗುರು ಅಂತಾನೆ. ಒಬ್ಬರಿಗೊಬ್ಬರ ಮೇಲೆ ಗೌರವ ಇದೆ ಅಂತ ಇದರ ಅರ್ಥ ಅಲ್ಲ.

ಆವತ್ತು ಐಎಸ್‌ಎಲ್ ನಾಕೌಟ್ ಪಂದ್ಯ. ಇಬ್ಬರೂ ಒಟ್ಟಿಗೇ ಮೆಟ್ರೋದಲ್ಲಿ ಹೋಗಿ, ಗೇಟಿನ ಹತ್ತಿರ ಬೇರೆಯಾಗಿ, ಬೇರೆ ಬೇರೆ ಸ್ಟ್ಯಾಂಡ್ ಸೇರಿದ್ದೆವು. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ನಮಗೊಂದು ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟಿರಲಿಲ್ಲ, ಅವರ ಗೋಲ್‌ಕೀಪರ್ ಜಾಗದಲ್ಲಿರಲಿಲ್ಲ, ರೆಫ್ರಿ ಸೀಟಿ ಊದಿರಲಿಲ್ಲ. ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫ್ರಿ ಗೋಲ್ ಕೊಟ್ಟರು. ಸಿಟ್ಟಿಗೆದ್ದ ಬ್ಲಾಸ್ಟರ್ಸ್ ಕೋಚ್ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಕರೆದುಕೊಂಡು ಹೊರಟೇಹೋದರು. ಸ್ವಲ್ಪ ಹೊತ್ತು ಕಾದು, ನಾವು ಗೆದ್ದೆವು ಅಂತ ಘೋಷಿಸಿದರು. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ರಾತ್ರಿ ನಾನು ಮನೆಗೆ ಬಂದಾಗ ಚೇಟ ಲೈಟ್ ಹಾಕದೆ ಕೂತಿದ್ದ. ಇನ್ನೂ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿ ಮೈಮೇಲಿತ್ತು. "ಅದು ಗೋಲಾ ಗುರು? ನೀನೇ ಹೇಳು" ಅಂದ. ನಾನು ಶೂ ಬಿಚ್ಚುತ್ತಾ, ನಗುತ್ತಾ, "ರೂಲ್ ಈಸ್ ರೂಲ್ ಚೇಟಾ. ಕ್ವಿಕ್ ಫ್ರೀಕಿಕ್‌ಗೆ ಸೀಟಿ ಬೇಕಾಗಿಲ್ಲ. ನಿಮ್ಮವರು ನಿದ್ದೆ ಮಾಡ್ತಿದ್ರೆ ರೆಫ್ರಿ ಏನ್ ಮಾಡ್ತಾರೆ?" ಅಂದೆ. ಅವನು ಎದ್ದು ತನ್ನ ರೂಮಿಗೆ ಹೋದ. ಒಂದು ವಾರ ಅಡುಗೆಮನೆಯಲ್ಲಿ ಎದುರುಬದುರು ಸಿಕ್ಕರೂ ಹಾಲು ಇದೆಯಾ, ಗ್ಯಾಸ್ ಬುಕ್ ಮಾಡಿದ್ಯಾ, ಅಷ್ಟೇ ಮಾತು.

ತಮಾಷೆ ಏನು ಗೊತ್ತಾ? ಹದಿನೈದು ದಿನಕ್ಕೆ ಗೋವಾದಲ್ಲಿ ಫೈನಲ್. ಮೋಹನ್ ಬಗಾನ್ ವಿರುದ್ಧ 2-2 ಆಗಿ, ಪೆನಾಲ್ಟಿ ಶೂಟೌಟ್‌ನಲ್ಲಿ ನಾವು ಸೋತೆವು. ಪಂದ್ಯದ ನಡುವೆ ರೆಫ್ರಿ ಕೊಟ್ಟ ಪೆನಾಲ್ಟಿ ಬಗ್ಗೆ ನಾವೆಲ್ಲ ಕೂಗಾಡಿದ್ದೇ ಕೂಗಾಡಿದ್ದು. ಐಎಸ್‌ಎಲ್‌ಗೆ ವಿಎಆರ್ ಬೇಕೇಬೇಕು ಅಂತ ನಮ್ಮ ಕ್ಲಬ್ಬಿನ ಮಾಲೀಕರೇ ಬಹಿರಂಗವಾಗಿ ಹೇಳಿದರು. ನಾನೂ ಅದನ್ನೇ ಹೇಳಿದೆ. ಚೇಟ ಕೇಳಿಸಿಕೊಂಡ, ಚಹಾ ಕುಡಿದ, ಏನೂ ಅನ್ನಲಿಲ್ಲ. ಅವತ್ತಿಂದ ಆ ನಿಯಮ ತಾನಾಗಿ ಜಾರಿಗೆ ಬಂತು.

ಹಾಗಂತ ನಮಗೆ ಫುಟ್‌ಬಾಲ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ಮಾರ್ಚ್ 3 ಬಿಟ್ಟು ಉಳಿದದ್ದೆಲ್ಲ ಚರ್ಚೆಗೆ ಮುಕ್ತ. ವಿಎಆರ್ ಬಗ್ಗೆಯಂತೂ ನೂರು ಸಲ ಆಗಿದೆ. ನಾನು ಪರ, ಅವನು ವಿರುದ್ಧ. "ಗೋಲ್ ಆದ ಮೇಲೆ ಎರಡು ನಿಮಿಷ ಕಾದು, ಪರ್ಮಿಶನ್ ತಗೊಂಡು ಖುಷಿ ಪಡೋದಾ? ಅದು ಫುಟ್‌ಬಾಲ್ ಅಲ್ಲ ಗುರು, ಬ್ಯಾಂಕ್ ಲೋನ್" ಅನ್ನುತ್ತಿದ್ದ. ನಾನು ಕ್ರಿಕೆಟ್ ಎಳೆದು ತರುತ್ತಿದ್ದೆ. 1992ರಲ್ಲೇ ಡರ್ಬನ್‌ನಲ್ಲಿ ಟಿವಿ ನೋಡಿ ತೆಂಡೂಲ್ಕರ್‌ಗೆ ರನೌಟ್ ಕೊಟ್ಟರು, ಆಟ ಏನು ಸತ್ತುಹೋಯಿತಾ? ಡಿಆರ್‌ಎಸ್ ಬೇಡವೇ ಬೇಡ ಅಂತ ವರ್ಷಗಟ್ಟಲೆ ಹಠ ಹಿಡಿದಿದ್ದ ನಮ್ಮ ಬೋರ್ಡ್ 2016ರಲ್ಲಿ ಇಂಗ್ಲೆಂಡ್ ಸರಣಿಗೆ ಒಪ್ಪಿಕೊಳ್ಳಲಿಲ್ಲವಾ? ಅದಕ್ಕೆ ಅವನದು ಒಂದೇ ಉತ್ತರ: "ಕ್ರಿಕೆಟ್‌ನಲ್ಲಿ ಪ್ರತಿ ಬಾಲ್ ಆದ ಮೇಲೂ ಟೈಮ್ ಇದೆ. ಇಲ್ಲಿ ಆಟ ನಿಲ್ಲೋದೇ ಇಲ್ವಲ್ಲ."

ಹೀಗಿರುವಾಗ 2024ರ ಜೂನ್ ಬಂತು. 6ನೇ ತಾರೀಕು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ 0-0 ಡ್ರಾ ಆಡಿ ಛೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳಿದರು. ನಾನು ಅತ್ತೆ. ಚೇಟ, ನನಗಿಂತ ಜೋರಾಗಿ ಅತ್ತ. ಅದೇ ದಿನ ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ವಿಎಆರ್ ಇಟ್ಟುಕೊಳ್ಳೋದಾ ಬಿಸಾಡೋದಾ ಅಂತ ಮತ ಹಾಕಿದವು. ಬಿಸಾಡೋಣ ಅಂದದ್ದು ಆ ಪ್ರಸ್ತಾಪ ತಂದ ವುಲ್ವ್ಸ್ ಒಂದೇ, ಇಟ್ಟುಕೊಳ್ಳೋಣ ಅಂದದ್ದು 19. "ನೋಡು, ನಿನ್ನ ಪಾರ್ಟಿಗೆ ಒಂದೇ ಓಟು" ಅಂತ ನಾನು ರೇಗಿಸಿದೆ.

ಐದು ದಿನ ಬಿಟ್ಟು, 11ರ ಮಂಗಳವಾರ ರಾತ್ರಿ, ದೋಹಾದಲ್ಲಿ ಕತಾರ್ ವಿರುದ್ಧ ಪಂದ್ಯ. 2026ರ ವಿಶ್ವಕಪ್ ಅರ್ಹತಾ ಪಂದ್ಯಗಳ ಎರಡನೇ ಸುತ್ತಿನ ಕೊನೆಯ ಮ್ಯಾಚ್. ಗೆದ್ದರೆ ಮೂರನೇ ಸುತ್ತು. ಭಾರತ ಅದುವರೆಗೆ ಒಮ್ಮೆಯೂ ತಲುಪದ ಜಾಗ. ಜೊತೆಗೆ 2027ರ ಏಷ್ಯನ್ ಕಪ್‌ಗೆ ನೇರ ಪ್ರವೇಶ. ಕೆಳಗಿನ ಮನೆಯವರು ಟಿ20 ವಿಶ್ವಕಪ್ ಹಾಕಿಕೊಂಡು ಕೂತಿದ್ದರು. ನಾವು ಮೇಲೆ ಲ್ಯಾಪ್‌ಟಾಪನ್ನು ಪ್ರೆಶರ್ ಕುಕ್ಕರ್ ಡಬ್ಬದ ಮೇಲಿಟ್ಟುಕೊಂಡು ಕೂತೆವು. ಆವತ್ತು ಇಬ್ಬರ ಮೈಮೇಲೂ ನೀಲಿ ಜೆರ್ಸಿ.

37ನೇ ನಿಮಿಷದಲ್ಲಿ ಛಾಂಗ್ಟೆ ಗೋಲ್ ಹೊಡೆದ. ಚೇಟ ಕಿರುಚಿದ ರಭಸಕ್ಕೆ ಕೆಳಗಿನ ಆಂಟಿ ಫೋನ್ ಮಾಡಿ "ಯಾರಪ್ಪಾ ಔಟು?" ಅಂತ ಕೇಳಿದರು. ಕತಾರ್ ಆಗಲೇ ಮುಂದಿನ ಸುತ್ತು ಸೇರಿಯಾಗಿತ್ತು, ಹೆಚ್ಚಾಗಿ ಹೊಸ ಹುಡುಗರನ್ನೇ ಇಳಿಸಿತ್ತು. ಆದರೂ ಏಷ್ಯಾದ ಚಾಂಪಿಯನ್ ತಂಡ. ಅದರ ಮನೆಯಂಗಳದಲ್ಲಿ ನಾವು ಮುಂದಿದ್ದೆವು.

73ನೇ ನಿಮಿಷ. ಕತಾರಿಗೆ ಫ್ರೀಕಿಕ್. ಯೂಸುಫ್ ಆಯ್ಮನ್ ತಲೆಯಿಂದ ಹೊಡೆದ ಚೆಂಡನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದರು. ಚೆಂಡು ಅವರ ಕೈ ತಪ್ಪಿ ಗೋಲ್ ಕಂಬದ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಹೋಯಿತು. ಕೂದಲೆಳೆಯಷ್ಟಲ್ಲ, ಮುಸುಕು ಮುಸುಕಾದ ಲ್ಯಾಪ್‌ಟಾಪ್ ಸ್ಕ್ರೀನಿನಲ್ಲೂ ಕಾಣುವಷ್ಟು. ಕಾರ್ನರ್ ಅಂದುಕೊಂಡು ನಮ್ಮ ಹುಡುಗರು ಆಟ ನಿಲ್ಲಿಸಿದರು. ಅಷ್ಟರಲ್ಲಿ ಕತಾರಿನ ಇನ್ನೊಬ್ಬ ಆಟಗಾರ ಹೊರಗೆ ಹೋದ ಚೆಂಡನ್ನು ಕಾಲಲ್ಲಿ ಒಳಗೆ ಎಳೆದುಕೊಟ್ಟ, ಆಯ್ಮನ್ ಬಲೆಗೆ ತಳ್ಳಿದ. ಲೈನ್ಸ್‌ಮನ್ ಬಾವುಟ ಏಳಲಿಲ್ಲ. ರೆಫ್ರಿ ಗೋಲ್ ಕೊಟ್ಟರು. ನಮ್ಮವರು ಸುತ್ತುಗಟ್ಟಿ ಬೇಡಿಕೊಂಡರೂ ಏನೂ ಆಗಲಿಲ್ಲ. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ.

85ನೇ ನಿಮಿಷದಲ್ಲಿ ಕತಾರ್ ಇನ್ನೊಂದು ಹೊಡೆಯಿತು. 2-1. ಅತ್ತ ಕುವೈತ್, ಅಫ್ಘಾನಿಸ್ತಾನವನ್ನು 1-0 ಸೋಲಿಸಿ ಮುಂದೆ ಹೋಯಿತು. ನಾವು ಹೊರಗೆ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ, ಮತ್ತೆ ತೆರೆದೆ, ಆ ಹತ್ತು ಸೆಕೆಂಡಿನ ವಿಡಿಯೋ ಹುಡುಕಿ ಎಷ್ಟು ಸಲ ನೋಡಿದೆನೋ ಗೊತ್ತಿಲ್ಲ. "ಇದೇ ಊರು ಚೇಟಾ! ಇದೇ ದೋಹಾ!" ಅಂತ ಕೂಗುತ್ತಿದ್ದೆ. ಸಿಟ್ಟಿಗೆ ಕಾರಣವೂ ಇತ್ತು. ಒಂದೂವರೆ ವರ್ಷದ ಹಿಂದೆ, 2022ರ ವಿಶ್ವಕಪ್ಪಿನಲ್ಲಿ, ಅಲ್ಲೇ ಜಪಾನ್ ಮತ್ತು ಸ್ಪೇನ್ ಆಡಿದ್ದವು. ನಮಗಿಲ್ಲಿ ರಾತ್ರಿ ಹನ್ನೆರಡೂವರೆಗೆ ಶುರುವಾದ ಮ್ಯಾಚು. ಜಪಾನಿನ ಮಿತೋಮ ಗೆರೆಯ ಮೇಲಿಂದ ಒಳಗೆ ತಳ್ಳಿದ ಚೆಂಡನ್ನು ತನಾಕ ಗೋಲ್ ಮಾಡಿದ. ಚೆಂಡು ಹೊರಗೆ ಹೋಗಿತ್ತು ಅಂತ ಮೊದಲು ಗೋಲ್ ಕೊಡಲಿಲ್ಲ. ವಿಎಆರ್‌ನವರು ಗೆರೆಗೆ ನೇರವಾಗಿದ್ದ ಕ್ಯಾಮೆರಾದಲ್ಲಿ ನೋಡಿದರು. ಚೆಂಡಿನ ತಳ ಹೊರಗಿದ್ದರೂ ಉಬ್ಬಿದ ಹೊಟ್ಟೆಯ ಅಂಚು ಇನ್ನೂ ಗೆರೆಯ ಮೇಲೆ ನೇತಾಡುತ್ತಿತ್ತು. ನಿಯಮದ ಪ್ರಕಾರ ಇಡೀ ಚೆಂಡು ಇಡೀ ಗೆರೆಯನ್ನು ದಾಟಬೇಕು. ಗೋಲ್ ಅಂತ ತೀರ್ಪು ಬಂತು. ಜಪಾನ್ 2-1 ಗೆದ್ದಿತು, ಕೋಸ್ಟರಿಕವನ್ನು 4-2 ಸೋಲಿಸಿದರೂ ಜರ್ಮನಿ ಟೂರ್ನಿಯಿಂದಲೇ ಹೊರಬಿತ್ತು.

ಆ ಟೂರ್ನಿಯಲ್ಲಿ ಸ್ಟೇಡಿಯಮ್ಮಿನ ಛಾವಣಿಯಡಿ ಆಟಗಾರರ ಚಲನೆ ಹಿಡಿಯಲೆಂದೇ 12 ಕ್ಯಾಮೆರಾ. ಚೆಂಡಿನ ಹೊಟ್ಟೆಯೊಳಗೆ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುವ ಸೆನ್ಸರ್. ಕೂದಲೆಳೆಯಷ್ಟು ಒಳಗಿದ್ದ ಚೆಂಡನ್ನು ಅಷ್ಟು ಕಾಳಜಿಯಿಂದ ಅಳೆದ ಊರಿನಲ್ಲಿ, ಕಣ್ಣಿಗೆ ಹೊಡೆಯುವಷ್ಟು ಹೊರಗಿದ್ದ ಚೆಂಡನ್ನು ನೋಡುವವರು ಯಾರೂ ಇರಲಿಲ್ಲ. ದೊಡ್ಡವರ ಪಂಕ್ತಿಗೆ ತುಪ್ಪ, ಕೊನೇ ಪಂಕ್ತಿಗೆ ಬರೀ ಎಲೆ. ಮೂರನೇ ಸುತ್ತಿಗೆ ಹೋದವರಿಗೆ ವಿಎಆರ್ ಉಂಟು, ಅಲ್ಲಿಗೆ ಹೋಗೋದಕ್ಕೆ ಒದ್ದಾಡುವವರಿಗೆ ಇಲ್ಲ. ಇದನ್ನೆಲ್ಲ ನಾನು ಉಸಿರು ಬಿಡದೆ ಹೇಳಿದೆ. ಕೊನೆಗೆ, "ಇದು ದರೋಡೆ" ಅಂದೆ.

ಚೇಟ ಗೋಡೆಗೆ ಒರಗಿ ಕೂತಿದ್ದ. ನಿಧಾನಕ್ಕೆ ಹೇಳಿದ: "ರೂಲ್ ಈಸ್ ರೂಲ್ ಅಲ್ವಾ ಗುರು? ರೆಫ್ರಿ ಸೀಟಿ ಊದೋವರೆಗೂ ಆಡ್ತಾ ಇರಬೇಕು. ನಮ್ಮವರು ನಿದ್ದೆ ಮಾಡ್ತಿದ್ರೆ ರೆಫ್ರಿ ಏನ್ ಮಾಡ್ತಾರೆ?"

ಹದಿನೈದು ತಿಂಗಳು ಒಳಗೇ ಇಟ್ಟುಕೊಂಡಿದ್ದ ಮಾತು. ಒಂದು ಅಕ್ಷರ ಮರೆತಿರಲಿಲ್ಲ. ವ್ಯಂಗ್ಯ ಮಾಡಿದ ಅಂತಲೂ ಅನ್ನಿಸಲಿಲ್ಲ, ಅವನ ಕಣ್ಣೂ ಕೆಂಪಾಗಿತ್ತು.

ನನಗೆ ಮೊದಲು ಬಂದದ್ದು ವಾದವೇ. ಎರಡೂ ಒಂದೇ ಅಲ್ಲ ಅಂದೆ. ಅದು ನಿಜ ಕೂಡ. ದೋಹಾದಲ್ಲಿ ಆದದ್ದು ಶುದ್ಧ ತಪ್ಪು, ವಿಎಆರ್ ಇದ್ದಿದ್ದರೆ ಅರ್ಧ ನಿಮಿಷದಲ್ಲಿ ಸರಿಹೋಗುತ್ತಿತ್ತು. ಕಂಠೀರವದ್ದು ಹಾಗಲ್ಲ. ಸೀಟಿ, ಗೋಡೆ ಎರಡೂ ಬೇಡ ಅಂತ ರೆಫ್ರಿಗೆ ಮೊದಲೇ ಹೇಳಿದ್ದಾಗಿ ಛೆಟ್ರಿ ಆಮೇಲೆ ವಿವರಿಸಿದ್ದರು. ತಡೆದು ನಿಲ್ಲಿಸಬೇಕಿತ್ತಾ, ಬಿಡಬೇಕಿತ್ತಾ ಅನ್ನುವುದು ರೆಫ್ರಿಯ ವಿವೇಚನೆ. ಆಗ ವಿಎಆರ್ ನೋಡುತ್ತಿದ್ದದ್ದು ನಾಲ್ಕೇ ವಿಷಯ: ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬನ ಕಾರ್ಡು ಇನ್ನೊಬ್ಬನಿಗೆ ಹೋದದ್ದು. ಅದೂ ಎದ್ದು ಕಾಣುವ ತಪ್ಪಾಗಿದ್ದರೆ. ಫ್ರೀಕಿಕ್ ಹೊಡೆದ ಗಳಿಗೆ ನ್ಯಾಯವಾಗಿತ್ತಾ ಅಂತ ಅಳೆಯೋದಕ್ಕೆ ಯಾವ ಕ್ಯಾಮೆರಾವೂ ಇಲ್ಲ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನನಗೇ ಗೊತ್ತಾಗಿಬಿಟ್ಟಿತ್ತು. ಅವನು ಕೇಳಿದ್ದು ಅದನ್ನಲ್ಲ.

"ಆವತ್ತು ಹಾಗೆ ಹೇಳಬಾರದಿತ್ತು ಚೇಟಾ" ಅಂದೆ.

"ಫ್ರೀಕಿಕ್ ಸರಿ ಇತ್ತು ಅಂತ ಈಗಲೂ ಅಂತೀಯಾ?"

"ಅಂತೀನಿ."

"ಮತ್ತೆ?"

"ಅದು ಸರಿ ಇದ್ದದ್ದು ಬೇರೆ. ನೀನು ಕತ್ತಲಲ್ಲಿ ಕೂತಿದ್ದಾಗ ನಾನು ನಕ್ಕಿದ್ದು ಬೇರೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎದ್ದು ಹೋಗಿ ಇಬ್ಬರಿಗೂ ಮ್ಯಾಗಿ ಮಾಡಿಕೊಂಡು ಬಂದ. ಪಾತ್ರೆ ತೊಳೆಯೋ ಸರದಿ ಅವನದಾಗಿತ್ತು. ನಾನು ತೊಳೆದೆ.

ಮರುದಿನದಿಂದ ಎಲ್ಲ ಕಡೆ ಅದೇ ಸುದ್ದಿ. ಎಐಎಫ್‌ಎಫ್ ದೂರು ಕೊಟ್ಟಿತು, ತನಿಖೆ ಮಾಡಿ ಅಂದಿತು. ಫಲಿತಾಂಶ ಬದಲಾಗಲಿಲ್ಲ. ಒಂದು ವಾರದೊಳಗೆ ಕೋಚ್ ಇಗೊರ್ ಸ್ಟಿಮಾಚ್ ಕೆಲಸ ಹೋಯಿತು. ಆಫೀಸಿನಲ್ಲಿ ಎಂದೂ ಫುಟ್‌ಬಾಲ್ ನೋಡದವರೂ ಬಂದು ಸಂತಾಪ ಸೂಚಿಸಿದರು. ಅವರ ಮುಂದೆ ನಾನು "ಮೋಸ" ಅನ್ನುವ ಪದ ಬಳಸುತ್ತಲೇ ಇದ್ದೆ. ಅದು ತಪ್ಪಲ್ಲ. ಆದರೆ ಒಂದು ರಾತ್ರಿ ಕೂತು ಪಾಯಿಂಟ್ಸ್ ಟೇಬಲ್ ನೋಡಿದೆ. ಆರು ಪಂದ್ಯ, ನಮ್ಮ ಒಟ್ಟು ಗೋಲು ಮೂರು. ಅಫ್ಘಾನಿಸ್ತಾನದ ಜೊತೆ ಒಂದು 0-0, ಆಮೇಲೆ ಗುವಾಹಟಿಯಲ್ಲಿ, ನಮ್ಮದೇ ನೆಲದಲ್ಲಿ, ಛೆಟ್ರಿಯ 150ನೇ ಪಂದ್ಯದಲ್ಲಿ, ಅವರ ಕೈಲಿ 1-2 ಸೋಲು. ಗುವಾಹಟಿಯ ಆ ಪಂದ್ಯವೊಂದನ್ನು ಗೆದ್ದಿದ್ದರೂ ದೋಹಾದ ಆ ಲೈನ್ಸ್‌ಮನ್ ಕೈಗೆ ನಮ್ಮ ಹಣೆಬರಹ ಸಿಗುತ್ತಲೇ ಇರಲಿಲ್ಲ. ಚೆಂಡು ಹೊರಗೆ ಹೋಗಿತ್ತು ಅನ್ನೋದು ನಿಜ. ನಾವು ಸಾಕಷ್ಟು ಆಡಿರಲಿಲ್ಲ ಅನ್ನೋದೂ ನಿಜ. ಮೊದಲನೆಯದನ್ನು ಜೋರಾಗಿ ಹೇಳುತ್ತಿದ್ದರೆ ಎರಡನೆಯದು ಕೇಳಿಸೋದಿಲ್ಲ, ಅಷ್ಟೇ.

ನೇರ ಪ್ರವೇಶ ತಪ್ಪಿದ್ದರಿಂದ ಏಷ್ಯನ್ ಕಪ್‌ಗೆ ಇನ್ನೊಂದು ಅರ್ಹತಾ ಸುತ್ತು ಆಡಬೇಕಾಯಿತು. ನಿವೃತ್ತರಾಗಿದ್ದ ಛೆಟ್ರಿಯನ್ನೇ ಮತ್ತೆ ಕರೆತಂದರು. ಬಾಂಗ್ಲಾದೇಶದ ಜೊತೆ ಶಿಲ್ಲಾಂಗ್‌ನಲ್ಲಿ 0-0, ಹಾಂಕಾಂಗ್‌ನಲ್ಲಿ 0-1. 2025ರ ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಾಪುರದ ಎದುರು ಗೆಲ್ಲಲೇಬೇಕಾದ ಸ್ಥಿತಿ. ಅದೇ ಕುಕ್ಕರ್ ಡಬ್ಬ, ಅದೇ ಲ್ಯಾಪ್‌ಟಾಪ್. ಛಾಂಗ್ಟೆಯೇ ಮೊದಲ ಗೋಲ್ ಹೊಡೆದ, ಚೇಟ ಕಿರುಚಿದ. ಆಮೇಲೆ ಅವರು ಎರಡು ಹೊಡೆದರು. ದೋಹಾದ್ದೇ ಲೆಕ್ಕ, 1-2. ನಾವು ಮತ್ತೆ ಹೊರಗೆ.

ನಾನು ಅಭ್ಯಾಸಬಲದಿಂದ ಎರಡೂ ಗೋಲುಗಳನ್ನು ಹಿಂದೆ ಎಳೆದು ಮತ್ತೆ ಹಾಕಿದೆ. ಆಫ್‌ಸೈಡ್ ಏನಾದರೂ ಇತ್ತಾ, ಯಾರನ್ನಾದರೂ ತಳ್ಳಿದರಾ, ಚೆಂಡು ಕೈಗೆ ತಾಗಿತಾ. ಚೇಟನೂ ಪಕ್ಕಕ್ಕೆ ಬಂದು ಬಗ್ಗಿ ನೋಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೂ ನೆಟ್ಟಗಿತ್ತು.

"ಸಿಕ್ತಾ ಏನಾದ್ರೂ?" ಅಂದ.

"ಇಲ್ಲ" ಅಂದೆ.

"ಹಾಗಾದ್ರೆ ಮುಚ್ಚು ಗುರು. ಹಸಿವಾಗ್ತಿದೆ."