ಅವ್ವನನ್ನು ನಾವು ಕೇಳಲಿಲ್ಲ

ಶಿವಪುರ ಅಂದರೆ ಎಲ್ಲರಿಗೂ ಬಾವುಟ. 1938ರಲ್ಲಿ ಮೈಸೂರು ಕಾಂಗ್ರೆಸ್ಸಿನವರು ಸರ್ಕಾರದ ನಿಷೇಧ ಮುರಿದು ಇಲ್ಲಿ ಧ್ವಜ ಏರಿಸಿದರು. ಆ ನೆನಪಿಗೆ ಸತ್ಯಾಗ್ರಹ ಸೌಧ ನಿಂತಿದೆ. ನಮ್ಮವ್ವ ಆ ಸೌಧ ದಾಟಿಕೊಂಡೇ ಕಬ್ಬು ಕಡಿಯಲು ಹೋಗುತ್ತಿದ್ದಳು. ಹಕ್ಕು, ಬಿಡುಗಡೆ ಅಂತ ನಾವು ಕವಿತೆ ಬರೆಯುತ್ತಿದ್ದೆವು. ಇಂಥ ನಾವು ಮನೆಯೊಳಗೆ ಮಾಡಿದ್ದನ್ನು ಇಲ್ಲಿ ಹೇಳಲೇಬೇಕು.

ಅವ್ವನ ಎಡ ಮೊಲೆಯಲ್ಲಿ ಗಂಟಾಯಿತು. ಸ್ತನ ಎಂದು ಬರೆದು ಮರೆಮಾಚುವುದಿಲ್ಲ, ನಮ್ಮ ಕೇರಿಯಲ್ಲಿ ಅದು ಮೊಲೆ. ಗಂಟು ನೋಯುತ್ತಿರಲಿಲ್ಲ. ತೋರಿಸಲು ಹೋದರೆ ಕೂಲಿ ತಪ್ಪುತ್ತದೆ ಅಂತ ಅವಳು ಸುಮ್ಮನಿದ್ದಳು. ನೋಯದ ಗಂಟನ್ನೂ ತೋರಿಸಬೇಕೆಂದು ನಮ್ಮ ಕೇರಿಗೆ ಬಂದು ಹೇಳಿದವರು ಯಾರು?

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊಲೆ ಪೂರ್ತಿ ತೆಗೆಯಬೇಕು ಅಂದರು. ಡಾಕ್ಟರು ನಮ್ಮನ್ನು ಒಳಗೆ ಕರೆದು ಚೀಟಿಯ ಹಿಂದೆ ಚಿತ್ರ ಬರೆದರು. ಬೆನ್ನಿನ ಮಾಂಸಖಂಡವನ್ನು ಚರ್ಮದ ಸಮೇತ ಕಂಕುಳ ಕೆಳಗಿನಿಂದ ಮುಂದಕ್ಕೆ ತಿರುಗಿಸಿ ಮೊಲೆ ಕಟ್ಟಬಹುದು. ಕೆಳಹೊಟ್ಟೆಯ ಚರ್ಮ, ಕೊಬ್ಬು ತಂದೂ ಕಟ್ಟಬಹುದು. ಅದರ ಒಂದು ವಿಧಾನದಲ್ಲಿ ದಾರದಂಥ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಹೊಲಿಯಬೇಕು. ಸಿಲಿಕಾನ್ ಚೀಲ ಇಡಬಹುದು. 1962ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮೊದಲು ಇಟ್ಟದ್ದು. ಅದು ಜನ್ಮಪೂರ್ತಿ ಬಾಳುವಂಥದಲ್ಲ, ಕರೆಂಟು ಕೊಟ್ಟ ಎದೆಯಲ್ಲಿ ಅದರ ಸುತ್ತ ಗಟ್ಟಿಯಾಗುವುದೂ ಹೆಚ್ಚು. ಏನೂ ಬೇಡವೆಂದರೆ ಚಪ್ಪಟೆಯಾಗಿ ಹೊಲಿದುಬಿಡಬಹುದು.

ಹೊರೆ ಎತ್ತುವ ಬೆನ್ನು. ಬಗ್ಗಿ ಏಳುವ ಹೊಟ್ಟೆ. ಇವುಗಳಿಂದಲೇ ಕಿತ್ತು ಕೊಡುವುದೇ? ದುಡ್ಡೆಲ್ಲಿ? 'ಬೇಡ ಸಾರ್' ಎಂದೆವು. ಅವ್ವ ಆಚೆ ಬೆಂಚಿನ ಮೇಲೆ ಕೂತಿದ್ದಳು. ಐವತ್ತು ದಾಟಿದವಳು, ಗಂಡ ಇಲ್ಲದವಳು, ಇವಳಿಗ್ಯಾಕೆ ಮೊಲೆ? ಈ ಮಾತನ್ನು ನಾವು ಬಾಯಿಬಿಟ್ಟು ಆಡಲಿಲ್ಲ, ಅಷ್ಟೆ.

ನಮ್ಮ ತಲೆಯಲ್ಲಿ ಕಪ್ಪು ಕವಿ ಆಡ್ರೆ ಲಾರ್ಡ್ ಇದ್ದಳು. 1980ರ ಅವಳ ಕ್ಯಾನ್ಸರ್ ದಿನಚರಿಯ ಪುಸ್ತಕ ನಮಗೆ ಗೊತ್ತಿತ್ತು. ಸುಳ್ಳು ಮೊಲೆ ಬೇಡವೆಂದು ಡಾಕ್ಟರ ಬಳಿಗೆ ಹಾಗೇ ಹೋದವಳು, ಅದಕ್ಕೆ ನರ್ಸಿನ ಮಾತು ಕೇಳಬೇಕಾಯಿತು. ಅವಳ ಸಿಟ್ಟನ್ನು ತಂದು ನಾವು ಅವ್ವನ ಎದೆಗೆ ಅಂಟಿಸಿದೆವು. ಆದರೆ ಲಾರ್ಡ್ ಬೇಡವೆಂದದ್ದು ತನ್ನ ಬಾಯಿಂದ. ಅವ್ವನ 'ಬೇಡ' ಹೇಳಿದವರು ನಾವು.

ವರ್ಷ ಕಳೆದ ಮೇಲೆ ಒಂದಿನ ಒಗೆದ ಬಟ್ಟೆಯ ಜೊತೆ ಸಣ್ಣ ಗಂಟೊಂದು ಒಣಗುತ್ತಿತ್ತು. ಹಳೇ ಸೀರೆ ತುಂಡಿನಲ್ಲಿ ಹುರುಳಿ ತುಂಬಿ ಹೊಲಿದದ್ದು. ಮಳೆಯಲ್ಲಿ ನೆಂದು ಕಾಳು ಮೊಳಕೆ ಒಡೆದಿತ್ತು. ಏನವ್ವಾ ಇದು ಅಂದೆವು.

"ತಕ್ಕಡಿ ಒಂದ್ಕಡೀಕೆ ಎದ್ದಂಗಾಯ್ತದೆ ಕಣ್ರಲಾ. ನಲ್ಲಿತಾವ ಎಲ್ರೂ ಎದೇನೆ ನೋಡ್ತರೆ."

ಆಗ ಚೀಟಿಯ ಕತೆ ಹೇಳಿದೆವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನೊಂದ್ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ಲಾ?" ಅಂದಳು.

ವರ್ಷಗಳಾದ ಮೇಲೂ ಮೊಲೆ ಕಟ್ಟಬಹುದು ಎಂದು ವಿಚಾರಿಸಿ ತಿಳಿದೆವು, ಅವಳಿಗೂ ತಿಳಿಸಿದೆವು.

"ಬೆನ್ನಿಂದ ತಕ್ಕಂಡ್ರೆ ಹೊರೆ ಎತ್ತಾಕಾಯ್ತದಾ?"

ತೋಳಿನ ಬಲ ಸ್ವಲ್ಪ ಕುಗ್ಗಬಹುದಂತೆ, ದಿನದ ಕೆಲಸಕ್ಕೆ ಹೆಚ್ಚಿನವರು ಮರಳುತ್ತಾರಂತೆ ಎಂದೆವು. ಕಬ್ಬಿನ ಹೊರೆಯ ಮಾತು ಬಂದಾಗ ತಡವರಿಸಿದೆವು.

"ಬುಡಿ, ನಾನೇ ಕೇಳ್ತೀನಿ ಡಾಕ್ಟ್ರನ್ನ," ಅಂದಳು ಅವ್ವ. "ನೀವು ಆಚೆ ಬೆಂಚಿನ್ ಮ್ಯಾಲೆ ಕೂತಿರಿ."